ಖಾಲಿ ಕುರ್ಚಿಗಳ ಕಾರ್ಯದರ್ಶಿ

ಸಂಘದ ಅಧ್ಯಕ್ಷಗಿರಿಗೆ ಪೈಪೋಟಿ ಇರುತ್ತದೆ. ಖಜಾಂಚಿಯ ಮೇಲೆ ಅನುಮಾನ ಇರುತ್ತದೆ. ಕಾರ್ಯದರ್ಶಿಯಾಗುವುದಕ್ಕೆ ಮಾತ್ರ ಯಾವ ಅರ್ಹತೆಯೂ ಬೇಡ, ಆಯ್ಕೆಯ ದಿನ ಸಭೆಗೆ ಹೋಗದೆ ಮನೆಯಲ್ಲಿದ್ದರೆ ಸಾಕು. ನಮ್ಮ ತಾಲ್ಲೂಕಿನ ತೆರಿಗೆ ಸಲಹೆಗಾರರ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಹೀಗೆಯೇ. ಮರುದಿನ ಬೆಳಿಗ್ಗೆ ಹಿರಿಯರೊಬ್ಬರು ಫೋನ್ ಮಾಡಿ, “ಅವಿರೋಧವಾಗಿ ಆಯ್ಕೆ ಆಗಿದೀರಿ, ಅಭಿನಂದನೆ ಕಣ್ರೀ” ಎಂದರು. ವಿರೋಧಿಸಬೇಕಾಗಿದ್ದ ನಾನೇ ಅಲ್ಲಿರಲಿಲ್ಲ.

ನಮ್ಮ ಕಡೆ ರಿಟರ್ನ್ ತುಂಬಿಕೊಡುವವರನ್ನೆಲ್ಲ ಜನ ಆಡಿಟರ್ ಎಂದೇ ಕರೆಯುತ್ತಾರೆ. ಸಿಎ ಪಾಸಾದವರು, ಎಲ್‌ಎಲ್‌ಬಿ ಮುಗಿಸಿ ಕೋರ್ಟಿನ ಕಡೆ ತಲೆ ಹಾಕದವರು, ಅಡಿಕೆ ಮಂಡಿಯಲ್ಲಿ ಖಾತೆ ಬರೆದೂ ಬರೆದೂ ಕಲಿತವರು, ಎಲ್ಲರೂ ಆಡಿಟರ್ ಸಾರ್. ಜಿಎಸ್‌ಟಿ ಬಂದು ಇಷ್ಟು ವರ್ಷವಾದರೂ ಇಲಾಖೆಯ ಕಟ್ಟಡ ಸೇಲ್ಸ್ ಟ್ಯಾಕ್ಸ್ ಆಫೀಸಾಗಿಯೇ ಉಳಿದಿಲ್ಲವೇ, ಹಾಗೆ. ಇಂಥ ಎಲ್ಲರನ್ನೂ ಸೇರಿಸಿಕೊಂಡು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡು, ಒಂದು ಸೀಲು, ಒಂದು ಲೆಟರ್‌ಹೆಡ್, ಒಂದು ಉಳಿತಾಯ ಖಾತೆ ಇಟ್ಟುಕೊಂಡಿರುವುದು ನಮ್ಮ ಸಂಘ. ವರ್ಷದ ಚಂದಾ ಹಣದಲ್ಲಿ ಸೀಲಿಗೆ ಶಾಯಿ ಬರುತ್ತದೆ, ಯಾರಾದರೂ ತೀರಿಕೊಂಡರೆ ಒಂದು ಹಾರ ಬರುತ್ತದೆ. ಉಳಿದದ್ದು ಬ್ಯಾಂಕಿನವರ ಎಸ್‌ಎಂಎಸ್ ಖರ್ಚಿಗೆ ಹೋಗುತ್ತದೆ.

ಕೈಯಲ್ಲಿ ಕಾಸಿಲ್ಲದ ಸಂಘಕ್ಕೆ ಜನ ಬರುವಂತೆ ಮಾಡುವುದು ಹೇಗೆ? ಈ ಪ್ರಶ್ನೆ ವೈದ್ಯರಿಗೆ ಇಲ್ಲ. ನೋಂದಣಿ ನವೀಕರಿಸಬೇಕಾದರೆ 5 ವರ್ಷಕ್ಕೆ 30 ಕ್ರೆಡಿಟ್ ಗಂಟೆ ಬೇಕೆಂದು ಕರ್ನಾಟಕ ವೈದ್ಯಕೀಯ ಪರಿಷತ್ತು ನಿಯಮ ಮಾಡಿಟ್ಟಿದೆ. ವೃತ್ತಿಯಲ್ಲಿರುವ ಚಾರ್ಟರ್ಡ್ ಅಕೌಂಟೆಂಟರಿಗೆ ಅವರ ಸಂಸ್ಥೆ 3 ವರ್ಷಕ್ಕೆ 120 ಗಂಟೆಯ ಕಲಿಕೆ ಕಡ್ಡಾಯ ಮಾಡಿದೆ. ಅಂಥ ಕಡೆ ಉಪನ್ಯಾಸಕ ಗೊರಕೆ ಹೊಡೆದರೂ ಸಭಿಕರು ಕದಲುವುದಿಲ್ಲ, ಹಾಜರಿ ಪುಸ್ತಕ ಬಾಗಿಲಲ್ಲಿ ಕಾಯುತ್ತಿರುತ್ತದೆ. ನಮ್ಮಲ್ಲಿ ಬಹುಪಾಲು ಜನಕ್ಕೆ ಇಂಥ ಯಾವ ಅಂಕುಶವೂ ಇಲ್ಲ. ಬಂದರೆ ಬಂದರು, ಬಿಟ್ಟರೆ ಬಿಟ್ಟರು.

ಬಿಟ್ಟವರೇ ಹೆಚ್ಚು. ಹಳೆಯ ನಡಾವಳಿ ಪುಸ್ತಕ ತೆರೆದು ನೋಡಿದರೆ ಪ್ರತಿ ಸಭೆಯ ಕೆಳಗೂ ಒಂದೇ ವಾಕ್ಯ: ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಸ್ಥಳದಲ್ಲಿ, ಹಾಜರಿದ್ದ ಸದಸ್ಯರೊಂದಿಗೆ ನಡೆಸಲಾಯಿತು. ಬೈಲಾ ಹಾಗೆ ಅವಕಾಶ ಕೊಟ್ಟಿದೆ. ಈ ಅನುಕೂಲ ಎಲ್ಲರಿಗೂ ಗೊತ್ತಿದ್ದರಿಂದ ಬರುವ ನಾಲ್ಕು ಜನವೂ ಅರ್ಧ ಗಂಟೆ ತಡವಾಗಿಯೇ ಬರುತ್ತಿದ್ದರು. ಮುಂದೂಡಿದ ಸಭೆಗೆ ಸರಿಯಾದ ಸಮಯಕ್ಕೆ ಬಂದೆವು ಎನ್ನುವ ಸಮಾಧಾನ ಬೇರೆ.

ಜನ ತಾವಾಗಿ ನುಗ್ಗಿ ಬಂದ ಕಾಲವೂ ಒಂದಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಎಂದು ಘೋಷಣೆಯಾದ ಮೇಲೆ ಜೂನ್ ತಿಂಗಳಿಡೀ ನಮ್ಮಲ್ಲಿ ನಿಲ್ಲಲು ಜಾಗ ಇರಲಿಲ್ಲ. ವ್ಯಾಟ್ ಕಾಲದಿಂದ ಕುಳಿತ ಕುರ್ಚಿ ಬಿಟ್ಟೇಳದಿದ್ದ ಹಿರಿಯರೂ ನೋಟ್‌ಬುಕ್ಕು ಹಿಡಿದು ಬಂದಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊಸ ಇ-ವೇ ಬಿಲ್ ವ್ಯವಸ್ಥೆಯನ್ನು ದೇಶದಲ್ಲೇ ಮೊದಲು ಕರ್ನಾಟಕ ಹಿಡಿದುಕೊಂಡಾಗ ಮತ್ತೊಂದು ಸುತ್ತು ನೂಕುನುಗ್ಗಲು. ಲಾರಿ ಆಫೀಸಿನವರು, ಮಂಡಿ ಗುಮಾಸ್ತರು, ಸಿಮೆಂಟ್ ಅಂಗಡಿಯವರು ಕೂಡ ಕಿಟಕಿಯಲ್ಲಿ ನಿಂತು ಕೇಳಿದರು. ಹೆದರಿಕೆ ಹುಟ್ಟಿದರೆ ಸಭೆ ತಾನಾಗಿ ತುಂಬುತ್ತದೆ ಎಂದು ಅಂದೇ ತಿಳಿಯಿತು. ಆದರೆ ತಿಂಗಳಿಗೊಂದು ಹೆದರಿಕೆಯನ್ನು ಎಲ್ಲಿಂದ ತರುವುದು? ಜಿಎಸ್‌ಟಿ ಮಂಡಳಿ ತನ್ನ ಕೈಲಾದಷ್ಟು ಮಾಡುತ್ತಿದೆ, ಇಲ್ಲವೆನ್ನಲಾರೆ. ಆದರೂ ನಡುವೆ ಒಂದೊಂದು ತಿಂಗಳು ಅವರೂ ಸುಮ್ಮನಿದ್ದುಬಿಡುತ್ತಾರೆ.

ನನಗಿಂತ ಹಿಂದಿದ್ದ ಕಾರ್ಯದರ್ಶಿ ವಾಟ್ಸ್ಯಾಪ್ ನಂಬಿದ್ದರು. ಗುಂಪಿನಲ್ಲಿ ಬಣ್ಣಬಣ್ಣದ ಆಹ್ವಾನ, ಅದರ ಮೇಲೆ ಉರಿಯುವ ದೀಪ, ಕೆಳಗೆ ಸರ್ವರಿಗೂ ಆದರದ ಸ್ವಾಗತ. ಅದಕ್ಕೆ ಹತ್ತಿಪ್ಪತ್ತು ಕೈಮುಗಿದ ಚಿತ್ರ, ಹೆಬ್ಬೆರಳು. ಹೆಬ್ಬೆರಳು ಎತ್ತಿದವರು ಬರುತ್ತಾರೆಂದು ಕುರ್ಚಿ ಹಾಕಿಸಿದರೆ ಕುರ್ಚಿಗಳಷ್ಟೇ ಬಂದಿರುತ್ತಿದ್ದವು. ಸರ್ವರಿಗೂ ಎಂದು ಕರೆದರೆ ಯಾರೂ ತಮ್ಮನ್ನು ಕರೆದರೆಂದು ತಿಳಿಯುವುದಿಲ್ಲ. ಮದುವೆಗೆ ಓಣಿಗೆಲ್ಲ ಪತ್ರಿಕೆ ಹಂಚಿದರೂ ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯಲಿಲ್ಲವೆಂದು ಮುನಿಸಿಕೊಳ್ಳುವ ಜನ ನಾವು. ಇಂಥವರನ್ನು ಒಂದು ಚಿತ್ರ ಕಳಿಸಿ ಎಬ್ಬಿಸಲು ಹೊರಟರೆ ಆದೀತೇ?

ಹಾಗಾಗಿ ಫೋನ್ ಹಿಡಿದೆ. ಮಾತಿಗೆ ದುಡ್ಡು ಹೋಗುತ್ತಿದ್ದ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಖರ್ಚಾಗುವುದು ಸಂಜೆ ಮಾತ್ರ. ಸದಸ್ಯರ ಪಟ್ಟಿಯನ್ನು ಸಮಿತಿಯ ನಾಲ್ಕು ಜನ ಹಂಚಿಕೊಂಡೆವು. ಬರ್ತೀರಾ ಎಂದು ಕೇಳಕೂಡದು ಎನ್ನುವುದೊಂದೇ ಷರತ್ತು. ಬರ್ತೀರಾ ಎಂದರೆ ನೋಡೋಣ ಎನ್ನುತ್ತಾರೆ, ನೋಡೋಣ ಎಂದವರನ್ನು ಮತ್ತೆ ಯಾರೂ ನೋಡಿದ್ದಿಲ್ಲ.

ನನ್ನ ಪಾಲಿಗೆ ಬಂದವರಲ್ಲಿ ಮಂಡಿ ಪೇಟೆಯ ಹಿರಿಯರೊಬ್ಬರಿದ್ದರು. ಸಭೆಗೆ ಬಂದದ್ದೇ ಇಲ್ಲ, ಚಂದಾ ಮಾತ್ರ ಏಪ್ರಿಲ್ ಮೊದಲ ವಾರದಲ್ಲೇ ಕಟ್ಟುವವರು. ಫೋನ್ ಎತ್ತಿದವರೇ, “ಏನ್ರೀ, ನಾನು ಬರ್ದಿದ್ರೆ ಸಭೆ ನಿಂತೋಗುತ್ತಾ?” ಎಂದರು.

“ನಿಲ್ಲಲ್ಲ ಸಾರ್. ಆದ್ರೆ ಅಡಿಕೆ ಲಾರಿ ಹಿಡಿದ ಕೇಸಿನ ಮಾತು ಬರುತ್ತೆ. ಇ-ವೇ ಬಿಲ್ ಅವಧಿ ಮುಗಿದ ಗಾಡಿ ಬಿಡಿಸ್ಕೊಂಡು ಬಂದೋರು ನಮ್ಮಲ್ಲಿ ನೀವೊಬ್ರೇ.”

“ಅದ್ಯಾರು ಹೇಳಿದ್ರು ನಿಮಗೆ? ಅದು ಗಾಡಿ ಕೆಟ್ಟು ನಿಂತಿದ್ದು ಕಣ್ರೀ. ಡ್ರೈವರ್ ಏನ್ ಮಾಡಿದ್ದ ಅಂದ್ರೆ…”

ಅರ್ಧ ಗಂಟೆಗೂ ಹೆಚ್ಚು ಹೊತ್ತು ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, “ಇಷ್ಟನ್ನೇ ಶನಿವಾರ ಹೇಳಿಬಿಡಿ ಸಾರ್” ಎಂದೆ. ಹೇಳುವುದಕ್ಕೆ ಬಂದರು. ಗ್ಯಾರೇಜಿನ ರಸೀತಿ, ಗಾಡಿಯ ಫೋಟೋ, ಅಧಿಕಾರಿಗೆ ಬರೆದ ಪತ್ರ ಎಲ್ಲವನ್ನೂ ಕಡತ ಕಟ್ಟಿಕೊಂಡು ತಂದಿದ್ದರು. ಅವರ ಜತೆಗೆ ಅವರ ಮಾತನ್ನು ಸುಳ್ಳೆಂದು ಸಾಧಿಸಬೇಕೆಂದಿದ್ದ ಇನ್ನೊಬ್ಬ ಹಿರಿಯರೂ ಬಂದರು. ಅದನ್ನು ನಾನು ಎಣಿಸಿರಲಿಲ್ಲ. ಆಮೇಲೆ ಬೇಕೆಂದೇ ಇಂಥ ಜೋಡಿಗಳನ್ನು ಹುಡುಕತೊಡಗಿದೆ.

ಉಪನ್ಯಾಸ ಕೇಳಲು ಬನ್ನಿ ಎಂದರೆ ಬಾರದವನು ನೀವು ಹೇಳಬೇಕು ಬನ್ನಿ ಎಂದರೆ ಬರುತ್ತಾನೆ. ನಾನು ಕಂಡುಕೊಂಡದ್ದು ಇಷ್ಟೇ, ಉಳಿದದ್ದೆಲ್ಲ ಇದರ ಬಾಲ. ಜ್ಞಾನ ಈಗ ಯೂಟ್ಯೂಬಿನಲ್ಲಿ ಮಲಗಿದಲ್ಲೇ ಸಿಗುತ್ತದೆ, ಅದಕ್ಕಾಗಿ ಪ್ಯಾಂಟು ಹಾಕಿಕೊಂಡು ಸಂಜೆ ಹೊರಗೆ ಬರುವ ಅಗತ್ಯ ಯಾರಿಗೂ ಇಲ್ಲ. ತನ್ನ ಮಾತಿಗೆ ತಲೆದೂಗುವ ನಾಲ್ಕು ಜನ ಮಾತ್ರ ಯೂಟ್ಯೂಬಿನಲ್ಲಿ ಸಿಗುವುದಿಲ್ಲ.

ಇನ್ನು ದಿನಾಂಕದ ವಿಷಯ. ನಮ್ಮ ಕಸುಬಿನ ಪಂಚಾಂಗವೇ ಬೇರೆ. 11ನೇ ತಾರೀಖಿಗೆ ಮಾರಾಟದ ಜಿಎಸ್‌ಟಿ ರಿಟರ್ನು ಆರ್-ಒನ್, 20ಕ್ಕೆ ತೆರಿಗೆ ಕಟ್ಟುವ ತ್ರೀಬಿ, ಜುಲೈ 31ಕ್ಕೆ ಆದಾಯ ತೆರಿಗೆ ರಿಟರ್ನು. ಈ ತಾರೀಖುಗಳ ಹಿಂದಿನ ದಿನಗಳಲ್ಲಿ ಸ್ವಂತ ಮಗಳ ನಿಶ್ಚಿತಾರ್ಥ ಇಟ್ಟರೂ ಆಡಿಟರ್ ಮಾವ ಲ್ಯಾಪ್‌ಟಾಪ್ ಸಮೇತ ಬರುತ್ತಾನೆ. ಹಿಂದಿನವರು ಮುಖ್ಯ ಅತಿಥಿಗಳ ಅನುಕೂಲ ನೋಡಿ 18, 19ನೇ ತಾರೀಖು ಇಟ್ಟದ್ದೂ ಉಂಟು. ನಾವು ಅತಿಥಿಗಳನ್ನು ಕೇಳುವುದು ಬಿಟ್ಟು, 20 ದಾಟಿದ ಮೊದಲ ಶನಿವಾರ ಎಂದು ಗಟ್ಟಿ ಮಾಡಿದೆವು. ತಿಂಗಳು ಬದಲಾದರೂ ಶನಿವಾರ ಬದಲಾಗುವುದಿಲ್ಲ. ಸಂತೆಗೆ ಯಾರೂ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವುದಿಲ್ಲ, ದಿನ ಗೊತ್ತಿದ್ದರೆ ಜನ ಚೀಲ ಹಿಡಿದು ಬರುತ್ತಾರೆ. ಈಗ ನಮ್ಮವರು ಅದನ್ನು ತ್ರೀಬಿ ಶನಿವಾರ ಎನ್ನುತ್ತಾರೆ. ಸರ್ಕಾರ ಕೊನೇ ಗಳಿಗೆಯಲ್ಲಿ ಗಡುವು ಮುಂದೂಡಿದಾಗ ಮಾತ್ರ ಎಡವಟ್ಟಾಗುತ್ತದೆ. ಗಡುವು ಮುಂದೆ ಹೋದ ದಿನವೇ ಕೆಲಸ ಶುರು ಮಾಡುವುದು ನಮ್ಮ ವೃತ್ತಿಧರ್ಮ.

ಜಾಗ ಬಿಟ್ಟಿ ಸಿಗುವುದು ಕಷ್ಟವಲ್ಲ. ಆಷಾಢದಲ್ಲಿ ಕಲ್ಯಾಣ ಮಂಟಪಗಳು ಖಾಲಿ ಹೊಡೆಯುತ್ತಿರುತ್ತವೆ, ಮಾಲೀಕರು ಯಾರಾದರೊಬ್ಬ ಸದಸ್ಯರ ಕಕ್ಷಿದಾರರೇ ಆಗಿರುತ್ತಾರೆ. ಆದರೆ ಆಷಾಢ ಬರುವುದು ಸರಿಯಾಗಿ ಜುಲೈ ರಿಟರ್ನಿನ ಗಡಿಬಿಡಿಯಲ್ಲಿ. ಅಲ್ಲದೆ ಐನೂರು ಜನ ಉಣ್ಣುವ ಮಂಟಪದಲ್ಲಿ ಮೂವತ್ತು ಜನ ಕುಳಿತರೆ ವರ ಓಡಿಹೋದ ಮದುವೆಮನೆಯ ಕಳೆ ಬರುತ್ತದೆ. ಮಂಟಪ ಬಿಟ್ಟು ಸದಸ್ಯರೊಬ್ಬರ ಕಚೇರಿಯ ಮೇಲಿನ ಕೋಣೆ ಹಿಡಿದೆವು. ಕುರ್ಚಿಗಳನ್ನು ಹರಡದೆ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಡುವುದು, ಬಂದವರು ತಮ್ಮದನ್ನು ತಾವೇ ಎಳೆದುಕೊಳ್ಳುವುದು. ಹೀಗೆ ಮಾಡಿದರೆ ಖಾಲಿ ಕುರ್ಚಿ ಎನ್ನುವ ವಸ್ತುವೇ ಇರುವುದಿಲ್ಲ. ಒಂದು ದಿನ ಕುರ್ಚಿ ಸಾಲದೆ ಇಬ್ಬರು ಮೆಟ್ಟಿಲ ಮೇಲೆ ಕುಳಿತರು. ಸೋಮವಾರ ಸೇಲ್ಸ್ ಟ್ಯಾಕ್ಸ್ ಆಫೀಸಿನ ಕಾರಿಡಾರಿನಲ್ಲಿ ಸುದ್ದಿ, “ಜಾಗಾನೇ ಇರ್ಲಿಲ್ವಂತೆ!” ಹತ್ತು ಬ್ಯಾನರ್ ಕಟ್ಟಿಸಿದ್ದರೂ ಈ ಕೆಲಸ ಆಗುತ್ತಿರಲಿಲ್ಲ.

ವೇದಿಕೆ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ ಎಲ್ಲವನ್ನೂ ಕೈಬಿಟ್ಟೆವು. ದುಡ್ಡಿಲ್ಲ ಎನ್ನುವ ಕಾರಣ ಮುಂದಿಟ್ಟುಕೊಂಡು ಮಾಡಬಹುದಾದ ಒಳ್ಳೆಯ ಕೆಲಸ ಇದೊಂದೇ. ವಂದನಾರ್ಪಣೆ ಮಾತ್ರ ಉಳಿಯಿತು, ಅದನ್ನು ಮಾಡುವವರು ಬೇಸರ ಮಾಡಿಕೊಳ್ಳುತ್ತಾರೆಂದು. ಗ್ರೂಪ್ ಫೋಟೋ ಕೊನೆಗೆ ತೆಗೆಯುತ್ತೇವೆ. ಮೊದಲೇ ತೆಗೆದರೆ ಫೋಟೋದಲ್ಲಿರುವವರು ಬೇರೆ, ಸಭೆಯಲ್ಲಿರುವವರು ಬೇರೆ ಆಗಿಬಿಡುತ್ತಾರೆ.

ಕಾಲೇಜಿನ ವಾಣಿಜ್ಯ ವಿಭಾಗದವರು ತಮ್ಮ ವಿದ್ಯಾರ್ಥಿಗಳನ್ನು ಕಳಿಸುತ್ತೇವೆಂದರು. ಬೇಡವೆಂದೆವು. ಬಸ್ಸಿನಲ್ಲಿ ತುಂಬಿಕೊಂಡು ಬಂದ ಮಕ್ಕಳಿಂದ ಕೋಣೆ ತುಂಬಿಸುವುದು ರಾಜಕೀಯದವರಿಗಿರಲಿ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಸದಸ್ಯರ ಪಟ್ಟಿಯಿಂದಲ್ಲ, ಅವರ ಕಚೇರಿಗಳಿಂದ. ಯಾವ ಆಡಿಟರ್ ಆಫೀಸಿಗೆ ಹೋದರೂ ಒಳಕೋಣೆಯಲ್ಲಿ ಸಾರ್ ಕುಳಿತಿರುತ್ತಾರೆ, ಹೊರಕೋಣೆಯಲ್ಲಿ ಮೂರು ಹೆಣ್ಣುಮಕ್ಕಳು ಟ್ಯಾಲಿ ತೆರೆದುಕೊಂಡು ಬಿಲ್ಲು ಹೊಡೆಯುತ್ತಿರುತ್ತಾರೆ. ಪೋರ್ಟಲ್ ಯಾವಾಗ ನಿಲ್ಲುತ್ತದೆ, ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ, ಖರೀದಿ ಬಿಲ್ಲುಗಳು ಕಾಣುವ ಟೂಬಿಯಲ್ಲಿ ಯಾವುದು ಬಂದಿಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ನಮ್ಮ ಆಹ್ವಾನ ಮಾತ್ರ ಮಹನೀಯರೇ ಎಂದು ಶುರುವಾಗಿ ರಾತ್ರಿ ಏಳೂವರೆಗೆ ಎಂದು ಮುಗಿಯುತ್ತಿತ್ತು. ಕೊನೇ ಬಸ್ಸು ಹಿಡಿದು ಹಳ್ಳಿಗೆ ಹೋಗುವ ಹುಡುಗಿ ಏಳೂವರೆಯ ಸಭೆಗೆ ಬರುವುದು ಎಲ್ಲಿಯ ಮಾತು? ಸಮಯವನ್ನು ಮಧ್ಯಾಹ್ನ ಮೂರೂವರೆಗೆ ತಂದೆವು. ಸದಸ್ಯರಲ್ಲದ ಸಹಾಯಕರೂ ಬರಬಹುದೆಂದು ಸೇರಿಸಿದೆವು. “ಸಂಘದ ಗಾಂಭೀರ್ಯ ಏನಾಗಬೇಕು?” ಎಂದು ಒಬ್ಬರು ಕೇಳಿದರು. ಅವರ ಆಫೀಸಿನ ಹುಡುಗಿಯರೇ ಮೊದಲು ಬಂದರು. ಮುಂದಿನ ತಿಂಗಳು ಅವರೂ ಬಂದರು, ಸಭೆಯಲ್ಲಿ ತಮ್ಮ ಆಫೀಸಿನ ವಿಷಯ ಏನೇನು ಹೊರಬೀಳುತ್ತದೋ ಎಂದು ಕಾಯಲು.

ಎಲ್ಲಕ್ಕಿಂತ ಕೈಹಿಡಿದದ್ದು ನೋಟಿಸ್ ಓದುವ ಕಾರ್ಯಕ್ರಮ. ಅವರವರಿಗೆ ಬಂದ ನೋಟಿಸನ್ನು ತರುವುದು, ಕಕ್ಷಿದಾರನ ಹೆಸರು ಮುಚ್ಚಿ ಎಲ್ಲರೆದುರು ಓದುವುದು, ಉತ್ತರ ಹೇಗೆ ಬರೆಯಬೇಕೆಂದು ಎಲ್ಲರೂ ಸೇರಿ ಹೇಳುವುದು. ಮೊದಲ ಸಲ ಒಬ್ಬರು ಎಎಸ್‌ಎಂಟಿ-10 ನೋಟಿಸ್ ತಂದರು. ಹೆಸರಿನ ಮೇಲೆ ಚೀಟಿ ಇಟ್ಟು ಸ್ಟೇಪ್ಲರ್ ಹೊಡೆದಿದ್ದರು. ಜಿಎಸ್‌ಟಿ ನಂಬರಿನ ಮೇಲೆ ಮತ್ತೊಂದು ಚೀಟಿ. ವ್ಯಾಪಾರ: ಟೈಲ್ಸ್ ಮತ್ತು ಸ್ಯಾನಿಟರಿ ಎನ್ನುವುದು ಮಾತ್ರ ಹಾಗೇ ಉಳಿದಿತ್ತು. ನಮ್ಮೂರಲ್ಲಿ ಟೈಲ್ಸ್ ಅಂಗಡಿ ಇರುವುದು ಎರಡು, ಅದರಲ್ಲಿ ಒಂದರ ಲೆಕ್ಕ ಅಧ್ಯಕ್ಷರದ್ದು. ಎಲ್ಲರೂ ಗೊತ್ತಿಲ್ಲದವರಂತೆ ಗಂಭೀರವಾಗಿ ಕುಳಿತೆವು.

ವಿಷಯ ಇಷ್ಟು. 2018-19ರಲ್ಲಿ ತ್ರೀಬಿಯಲ್ಲಿ ತೆಗೆದುಕೊಂಡ ಇನ್‌ಪುಟ್ ತೆರಿಗೆ ಮಾರಿದವರ ರಿಟರ್ನಿನಿಂದ ತುಂಬುವ ಟೂಎಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿದೆ, ವ್ಯತ್ಯಾಸಕ್ಕೆ ವಿವರಣೆ ಕೊಡಿ. ಹಿರಿಯರು ಒಬ್ಬೊಬ್ಬರೇ ಬಾಯಿ ಹಾಕಿದರು. ಕಟ್ಟಿಬಿಡಿ ಎಂದರು ಒಬ್ಬರು. ಸಾಹೇಬರನ್ನು ಕಂಡು ಮಾತಾಡಿ ಎಂದರು ಇನ್ನೊಬ್ಬರು. ಹೈಕೋರ್ಟಿಗೇ ಹೋಗಬೇಕು ಎಂದರು ಯಾವತ್ತೂ ಹೈಕೋರ್ಟ್ ನೋಡಿರದ ಮತ್ತೊಬ್ಬರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಂದು ಹುಡುಗಿ ಮೆಲ್ಲಗೆ, “ಸಾರ್, ಮಾರಿದೋರು ನಮ್ಮ ನಂಬರ್ ಹಾಕ್ದೆ ಗಿರಾಕಿ ಬಿಲ್ ಅಂತ ಬಿಟುಸಿಗೆ ಏರ್ಸಿರ್ಬೇಕು. ಹಂಗಾದ್ರೆ ಟೂಎಗೆ ಬರಲ್ಲ” ಎಂದಳು. ಆ ವರ್ಷದ್ದಕ್ಕೆ ಒಂದು ಸುತ್ತೋಲೆಯೂ ಇದೆಯಲ್ಲ ಎಂದು ಮೊಬೈಲ್ ತೆಗೆದು ತೋರಿಸಿದಳು. 2022ರ ಡಿಸೆಂಬರಿನ 183ನೇ ಸುತ್ತೋಲೆ. 2017-18 ಮತ್ತು 2018-19ರ ಇಂಥ ವ್ಯತ್ಯಾಸಕ್ಕೆ, ಒಬ್ಬ ಮಾರಾಟಗಾರನಿಂದ ಬಂದದ್ದು ವರ್ಷಕ್ಕೆ 5 ಲಕ್ಷದೊಳಗಿದ್ದರೆ ಅವನೇ ಬರೆದುಕೊಟ್ಟ ದೃಢೀಕರಣ ಸಾಕು, ಮೀರಿದರೆ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಸಹಿ ಬೇಕು. ಕೋಣೆಯಲ್ಲಿ ಸ್ವಲ್ಪ ಹೊತ್ತು ಬರೀ ಪೆನ್ನಿನ ಸದ್ದು. ಅಧ್ಯಕ್ಷರು ಎಲ್ಲರಿಗಿಂತ ವೇಗವಾಗಿ ಬರೆದುಕೊಳ್ಳುತ್ತಿದ್ದರು.

ಅಂದಿನಿಂದ ಉಪನ್ಯಾಸಕರ ಬೇಟೆ ನಿಂತಿತು. ನೋಟಿಸ್ ಕಳಿಸಿಕೊಡುವ ಹೊಣೆಯನ್ನು ಇಲಾಖೆ ನಿಷ್ಠೆಯಿಂದ ಹೊತ್ತಿದೆ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಸರದಿಯಂತೆ ಒಬ್ಬೊಬ್ಬರ ಮನೆಯಿಂದ ಬರುತ್ತದೆ. ಸಂಘದ ಖಾತೆಯಿಂದ ಒಂದು ಪೈಸೆ ಇಲ್ಲ. ಯಾರ ಮನೆಯ ಬೋಂಡದಲ್ಲಿ ಓಮಕಾಳು ಜಾಸ್ತಿಯಾಗಿತ್ತು ಎಂಬ ಚರ್ಚೆ ಸಭೆಯ ನಂತರವೂ ರಸ್ತೆಯಲ್ಲಿ ಮುಂದುವರಿಯುತ್ತದೆ.

ಜನ ಎಷ್ಟೆಲ್ಲ ಕಾರಣಕ್ಕೆ ಬರುತ್ತಾರೆ ಎಂಬುದರ ಬಗ್ಗೆ ನನಗೆ ಭ್ರಮೆಯಿಲ್ಲ. ಇಲಾಖೆಯ ಅಧಿಕಾರಿ ಬರುತ್ತಾರೆಂದರೆ ಕೋಣೆ ತುಂಬುವುದು ಕಾನೂನಿನ ಮೇಲಿನ ಪ್ರೀತಿಗಲ್ಲ, ಮುಖಪರಿಚಯಕ್ಕೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಚಹಾದಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಅಂಗಡಿಗಳ ಕ್ಯೂಆರ್ ಕೋಡ್ ರಾತ್ರೋರಾತ್ರಿ ಮಾಯವಾಗಿ ‘ನಗದು ಮಾತ್ರ’ ಎಂಬ ಬೋರ್ಡು ಬಂತಲ್ಲ, ಆಗ ವರ್ತಕರಿಗೆ ಉಚಿತ ಸಲಹೆ ಎಂದು ಒಂದು ಸಂಜೆ ಇಟ್ಟೆವು. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ, ತೆರಿಗೆ ಇಲ್ಲದ ಹಾಲು ತರಕಾರಿಯ ಲೆಕ್ಕ ಬೇರೆ, ಯುಪಿಐಗೆ ಬಂದ ಸಾಲದ ದುಡ್ಡು ವ್ಯಾಪಾರವಲ್ಲ ಎಂದೆಲ್ಲ ಹೇಳಿದ್ದು ಅರ್ಧ ಗಂಟೆ. ಎಂದೂ ಬಾರದ ಸದಸ್ಯರೂ ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ವಿಸಿಟಿಂಗ್ ಕಾರ್ಡು ಕೈಯಿಂದ ಕೈಗೆ ಹೋಗುವುದನ್ನು ನೋಡಿಯೂ ನೋಡದಂತೆ ಇದ್ದೆ. ಅಂಗಡಿಯವರಿಗೆ ಉಪಕಾರವಾಯಿತು, ಸದಸ್ಯರಿಗೆ ಕಕ್ಷಿದಾರರು ಸಿಕ್ಕರು, ಹಾಜರಿ ಪುಸ್ತಕದಲ್ಲಿ ಪುಟ ಸಾಲಲಿಲ್ಲ. ಇದರಲ್ಲಿ ಕೆಟ್ಟದ್ದೇನಿದೆ ಎಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಈಗ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. 1961ರ ಹಳೆಯದು ಹೋಗಿ 2025ರದು, ಜಾರಿ 2026ರ ಏಪ್ರಿಲ್ 1ರಿಂದ. 536 ಸೆಕ್ಷನ್. ಊರಿನ ಮೇಷ್ಟ್ರುಗಳೆಲ್ಲ ಬಾಯಿಪಾಠ ಮಾಡಿಕೊಂಡಿದ್ದ 80ಸಿ ಈಗ 123. 194ರ ಬೆನ್ನಿಗೆ ಅಕ್ಷರಮಾಲೆ ಕಟ್ಟಿಕೊಂಡಿದ್ದ ಟಿಡಿಎಸ್ ಸೆಕ್ಷನ್‌ಗಳೆಲ್ಲ 393ರೊಳಗೆ ಹೋಗಿ ಕುಳಿತಿವೆ. ಮೂವತ್ತು ವರ್ಷ ಸೆಕ್ಷನ್ ನಂಬರಿನ ಬಲದ ಮೇಲೆಯೇ ಜೂನಿಯರ್‌ಗಳನ್ನು ಗದರಿಸಿಕೊಂಡಿದ್ದ ಹಿರಿಯರಿಗೆ ಈಗ ಎಲ್ಲರ ಜತೆ ಒಂದನೇ ತರಗತಿ. ಭಾಷಣ ಬೇಡವೆಂದು ಕಾಯ್ದೆಯನ್ನು ಹೋಳು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ ಕೊಟ್ಟೆವು. ಓದಿಕೊಂಡು ಬಂದು ಹತ್ತು ನಿಮಿಷ ಹೇಳಬೇಕು, ಹಳೆಯ ನಂಬರು ಹೊಸ ನಂಬರು ಜೋಡಿಸಿ ಒಂದು ಹಾಳೆ ತರಬೇಕು.

ಪಟ್ಟಿ ಗುಂಪಿಗೆ ಹಾಕಿದ ರಾತ್ರಿಯೇ ಮಂಡಿ ಪೇಟೆಯ ಹಿರಿಯರ ಫೋನ್. “ಏನ್ರೀ, ನನ್ನ ಹೆಸರೇ ಇಲ್ವಲ್ಲ? ನನಗ್ಯಾವ ಸೆಕ್ಷನ್ನು?” ಎಂದು ದಬಾಯಿಸಿದರು. ಉಳಿದಿದ್ದದ್ದು ಒಂದೇ, ನೋಂದಾಯಿತ ಲಾಭರಹಿತ ಸಂಸ್ಥೆಗಳದ್ದು, 332ರಿಂದ 355. ಮಠ, ಟ್ರಸ್ಟು, ಸಂಘಗಳ ಲೆಕ್ಕವೆಂದು ಎಲ್ಲರೂ ಹಾರಿಸಿಬಿಟ್ಟದ್ದು. ಅದನ್ನು ಹೇಳಿದೆ.

“ಅದು ಬ್ಯಾಡ ಕಣ್ರೀ, ಬಾಡಿಗೆ ಆದಾಯ ಕೊಡಿ.”

ಬಾಡಿಗೆ ಆದಾಯವನ್ನು ಆಗಲೇ ಇಬ್ಬರು ಹಂಚಿಕೊಂಡಿದ್ದರು.